ಕೀಳದೆ ಬಿಟ್ಟ ಸಾಲು

ಹೂವಿನ ಭಾಗಗಳು ಎಂಬ ಪಾಠವನ್ನು ನಾನು ಎಷ್ಟು ಸಲ ಮಾಡಿದ್ದೇನೆ ಎಂದು ಎಣಿಸಲು ಹೋಗುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ದಾಸವಾಳ ಹಿಡಿದುಕೊಂಡೇ ತರಗತಿಗೆ ಹೋಗುತ್ತಿದ್ದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೋರಿಸುತ್ತಿದ್ದೆ, ಮಕ್ಕಳು ಮೇಜಿನ ಸುತ್ತ ಮುಗಿಬೀಳುತ್ತಿದ್ದರು. ಈಗ ಬೋರ್ಡಿನ ಮೇಲೆ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಇದು ಪರೀಕ್ಷೆಗೆ ಬರುತ್ತದೆ ನೋಡಿಕೊಳ್ಳಿ ಎಂದು ಹೇಳಿ ಕುರ್ಚಿಯಲ್ಲಿ ಕೂರುತ್ತೇನೆ. ಕಾಲು ನೋಯುತ್ತದೆ. ನಾನಿರುವುದು ಹೂವಿನಹಡಗಲಿಯಲ್ಲಿ, ಕಲಿಸುವುದು ಹಗರಿಬೊಮ್ಮನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತೇನೆ. ನಿವೃತ್ತಿಗೆ ಇನ್ನು ಎರಡು ವರ್ಷವೂ ಇಲ್ಲ, ಅದೊಂದೇ ಸಮಾಧಾನ.

ವಿಜ್ಞಾನ ಕಲಿಸುವವರಿಗೆ ಎಲ್ಲಿ ಹೋದರೂ ಒಂದು ಪ್ರಶ್ನೆ ಕಾದಿರುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುತ್ತಾರೆ, "ಮೇಡಂ, ನೀವು ಎಲ್ಲಾನೂ ಹಿಂಗ ಬಿಡಿಸಿ ಬಿಡಿಸಿ ಹೇಳಿದ್ರ ಅದರ ಚಂದ ಎಲ್ಲಿ ಉಳೀತೈತ್ರಿ?" ಮೊದಲು ನಾನು ತುತ್ತು ಕೆಳಗಿಟ್ಟು ವಾದಕ್ಕೆ ಇಳಿಯುತ್ತಿದ್ದೆ. ಗೊತ್ತಾದಷ್ಟೂ ಚಂದ ಹೆಚ್ಚುತ್ತದೆ ಎಂದು ಕಾಮನಬಿಲ್ಲಿನಿಂದ ಹಿಡಿದು ಮಿಂಚುಹುಳದವರೆಗೆ ಉದಾಹರಣೆ ಕೊಡುತ್ತಿದ್ದೆ. ಈಗ "ಹೂಂನ್ರಿ, ಅದೂ ಖರೇನ" ಎಂದು ಸಾರು ಹಾಕಿಸಿಕೊಳ್ಳುತ್ತೇನೆ. ವಾದ ಮಾಡಿ ಯಾರನ್ನೂ ಗೆದ್ದ ನೆನಪಿಲ್ಲ. ಅದಕ್ಕಿಂತ ಹೆಚ್ಚಾಗಿ, ನನ್ನ ಅಕ್ಕನ ಮೂಗಿಗೆ ವಾಸನೆ ತಿಳಿಯದಂತಾದ ಮೇಲೆ, ಗೊತ್ತಾದಷ್ಟೂ ಚಂದ ಎಂಬ ಮಾತನ್ನು ಮೊದಲಿನ ಧೈರ್ಯದಲ್ಲಿ ಹೇಳಲು ನನಗೆ ಆಗುತ್ತಿಲ್ಲ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳ ಮನೆ ನನ್ನ ಮನೆಯಿಂದ ಎರಡು ಓಣಿ ಆಚೆ. ಊರ ಹೊರಗೆ ಅವಳಿಗೂ ಭಾವನಿಗೂ ಅರ್ಧ ಎಕರೆ ಮಲ್ಲಿಗೆ ತೋಟವಿದೆ. ಭಾವ ಗಿಡ ನೋಡಿಕೊಳ್ಳುತ್ತಾನೆ, ಅಕ್ಕ ಹೂ ಕಟ್ಟುತ್ತಾಳೆ. ಮಾಲೆ, ದಂಡೆ, ಮದುಮಗಳ ಮೊಗ್ಗಿನ ಜಡೆ, ಏನು ಬೇಕಾದರೂ. ಅವಳ ಬೆರಳು ಓಡುವುದನ್ನು ನೋಡಲೆಂದೇ ಜನ ಕಟ್ಟೆಯ ಮೇಲೆ ಕೂರುತ್ತಿದ್ದರು. ಆದರೆ ಅವಳ ನಿಜವಾದ ವಿದ್ಯೆ ಬೆರಳಿನಲ್ಲಿರಲಿಲ್ಲ, ಮೂಗಿನಲ್ಲಿತ್ತು. ಮೊಗ್ಗು ಸುತ್ತಿಟ್ಟ ಒದ್ದೆ ಬಟ್ಟೆ ಬಿಚ್ಚಿ ಒಂದು ಸಲ ಮುಖ ಬಗ್ಗಿಸಿದರೆ ಸಾಕು, ಇದು ಇವತ್ತಿನದು, ಇದು ನಿನ್ನೆಯದು, ಇದಕ್ಕೆ ನೀರು ಹೆಚ್ಚಾಗಿ ಹುಳಿ ಹಿಡಿದಿದೆ ಎಂದು ಬೇರೆ ಬೇರೆ ಮಾಡುತ್ತಿದ್ದಳು. ನಾನು ಪುಸ್ತಕ ಹಿಡಿದು ಕೂತಾಗ ಅಣಕಿಸುತ್ತಿದ್ದಳು, "ನಿನ್ನ ಪುಸ್ತಕದಾಗ ವಾಸನಿ ಐತೇನ್ಲೇ?"

ಅವಳ ಮೂಗು ಹೋಗಿದೆ ಎಂದು ಗೊತ್ತಾದದ್ದು ಒಂದು ಭಾನುವಾರ ಬೆಳಿಗ್ಗೆ. ನಾನು ಅವಳ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಹಿಂದಿನ ದಿನ ಅವಳು ಕಟ್ಟಿಕೊಟ್ಟಿದ್ದ ಮೊಗ್ಗಿನ ಜಡೆಯನ್ನು ಕವರಿನಲ್ಲಿ ಹಿಡಿದುಕೊಂಡು ಮದುಮಗಳ ಚಿಕ್ಕಮ್ಮ ಬಾಗಿಲಿಗೆ ಬಂದರು. ಮುಖ ಕೆಂಪಾಗಿತ್ತು.

"ಇದನ್ನ ನೀವಾ ಒಂದ್ ಸಲ ಮೂಸಿ ನೋಡ್ರಿ," ಎಂದರು.

ಅಕ್ಕ ಜಡೆ ತೆಗೆದುಕೊಂಡು ಮೂಗಿಗೆ ಹಿಡಿದಳು. "ಚಲೋ ಐತೆಲ್ರಿ. ಏನಾಗೈತಿ?"

ನಾನು ಕೂತಿದ್ದದ್ದು ನಾಲ್ಕು ಮಾರು ದೂರದಲ್ಲಿ. ಅಲ್ಲಿಗೇ ಹುಳಿ ನಾತ ಬಂದಿತ್ತು. ಕಣ್ಣಿಗೆ ಮೊಗ್ಗು ಬೆಳ್ಳಗೇ ಇದ್ದವು. ಎರಡು ದಿನದ ಹಿಂದೆ ಬಟ್ಟೆಯಲ್ಲಿ ಉಳಿದು ಹುಳಿ ಹಿಡಿದಿದ್ದ ಮೊಗ್ಗನ್ನು ಅವಳು ಹೊಸದರ ಜೊತೆ ಸೇರಿಸಿ ಕಟ್ಟಿಬಿಟ್ಟಿದ್ದಳು. ಆ ಹೆಂಗಸು ಅಕ್ಕನ ಮುಖವನ್ನೇ ನೋಡಿದರು. ಜಗಳಕ್ಕೆ ಬಂದವರು ಏನೂ ಅನ್ನದೆ ಜಡೆಯನ್ನು ಕಟ್ಟೆಯ ಮೇಲೆ ಇಟ್ಟು ಹೋದರು. ಬೈದಿದ್ದರೆ ಅಕ್ಕನಿಗೆ ಅಷ್ಟು ನೋವಾಗುತ್ತಿರಲಿಲ್ಲ.

"ಯಾವಾಗಿಂದಕ್ಕ?" ಎಂದೆ.

"ಕೊರೊನಾ ಜ್ವರ ಬಂದಿತ್ತಲ್ಲ, ಆವಾಗಿಂದ."

ಜ್ವರ ಹೋಗಿ ಎರಡು ವರ್ಷ ದಾಟಿತ್ತು. ಅಷ್ಟು ದಿನ ಅವಳು ನನಗೂ ಹೇಳಿರಲಿಲ್ಲ, ಭಾವನಿಗೂ ಹೇಳಿರಲಿಲ್ಲ. ತೊಟ್ಟು ಮುಟ್ಟಿ ನೋಡಿ, ಯಾವ ಬಟ್ಟೆ ಯಾವ ದಿನದ್ದು ಎಂದು ನೆನಪಿಟ್ಟು ಕೆಲಸ ಸಾಗಿಸಿದ್ದಳು. ಹೇಳಿದರೆ ಗಿರಾಕಿಗಳು ದೂರವಾಗುತ್ತಾರೆ ಎಂಬ ಹೆದರಿಕೆ ಒಂದು. ಇವತ್ತಲ್ಲ ನಾಳೆ ತಿರುಗಿ ಬರುತ್ತದೆ ಎಂಬ ಆಸೆ ಇನ್ನೊಂದು. ದಿನಾ ಬೆಳಿಗ್ಗೆ ಬಟ್ಟೆ ಬಿಚ್ಚುವಾಗ ಇವತ್ತು ಬಂದೀತು ಎಂದುಕೊಳ್ಳುತ್ತಿದ್ದೆ ಎಂದು ಆಮೇಲೆ ಹೇಳಿದಳು.

ಹೊಸಪೇಟೆಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ನೋಡಿ, ಬಹಳ ದಿನ ಬಿಟ್ಟಿದ್ದೀರಿ, ಬರಬಹುದು, ಬರದೆಯೂ ಇರಬಹುದು, ಲವಂಗ ನಿಂಬೆಹಣ್ಣು ದಿನಾ ಮೂಸುತ್ತಿರಿ ಎಂದರು. ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಅಕ್ಕ ಕೇಳಿದಳು, "ಬರ್ತೈತೇನ್ಲೇ?"

ಆ ಹೊತ್ತು ನಾನು ಸುಮ್ಮನಿರಬೇಕಿತ್ತು. ಬಿಸಿಲು, ಹಸಿವು, ಮರುದಿನಕ್ಕೆ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು, ಇವೆಲ್ಲ ತಲೆಯಲ್ಲಿದ್ದವು. ಕೇಳಿದ್ದಕ್ಕೆ ಉತ್ತರ ಹೇಳಿ ಹೇಳಿ ರೂಢಿಯಾದ ಬಾಯಿ ಬೇರೆ. ಡಾಕ್ಟರ್ ಚೀಟಿಯ ಬೆನ್ನಿಗೆ ಪೆನ್ನಿನಿಂದ ಮೂಗಿನ ಚಿತ್ರ ಬರೆದೆ. ಮೇಲುಗಡೆ ಸಣ್ಣ ಎಳೆಗಳನ್ನು ಎಳೆದೆ. ಗಾಳಿಯಲ್ಲಿ ಬಂದ ಕಣವನ್ನು ಹಿಡಿಯುವುದು ಇಲ್ಲಿ, ಸುದ್ದಿ ಮೆದುಳಿಗೆ ಹೋಗುವುದು ಹೀಗೆ, ಜ್ವರ ಕೆಡಿಸಿರುವುದು ಈ ಜಾಗವನ್ನು, ಇಷ್ಟು ದಿನವಾದ ಮೇಲೆ ಬಹಳ ಜನಕ್ಕೆ ಸರಿಹೋಗುವುದಿಲ್ಲ ಎಂದು ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿದೆ. ಅಕ್ಕ ಚೀಟಿ ಮಡಿಚಿ ಕುಬಸದಲ್ಲಿ ಇಟ್ಟುಕೊಂಡಳು.

ಬಸ್ಸು ಅರ್ಧ ದಾರಿ ದಾಟಿತು. ಆಮೇಲೆ ಕಿಟಕಿ ಕಡೆ ನೋಡುತ್ತಲೇ ಅಂದಳು, "ಡಾಕ್ಟರ್ ಬರಬಹುದು ಅಂದಿದ್ರು. ನೀನು ಚಿತ್ರ ತಗದು ಬಾಗ್ಲಾ ಹಾಕಿದಿ."

"ಇದ್ದದ್ದು ಹೇಳೀನಕ್ಕ."

"ನಿನ್ನ ಸೈನ್ಸು ನಿನ್ನ ಹುಡುಗ್ರಿಗೆ ಇಟ್ಕೋ. ನನಗ ದಿನಾ ಮುಂಜಾನೆ ಒಂದು ಆಸೆ ಇತ್ತು. ಅದೂ ಹೋತು."

ನನಗೆ ಸಿಟ್ಟು ಬಂತು. ಸುಳ್ಳು ಹೇಳಬೇಕಿತ್ತೇ ಎಂದು ಮನಸ್ಸಿನಲ್ಲೇ ಜಗಳ ಕಾದೆ. ಹಡಗಲಿ ಬರುವ ಹೊತ್ತಿಗೆ ಸಿಟ್ಟು ಇಳಿದಿತ್ತು, ಸಂಕಟ ಉಳಿದಿತ್ತು. ಮದುವೆ ಊಟದಲ್ಲಿ ಅಪರಿಚಿತರು ಕೇಳಿದ ಪ್ರಶ್ನೆಯನ್ನು ನನ್ನ ಅಕ್ಕನೇ ಕೇಳಿದ ಹಾಗಿತ್ತು, ನನ್ನ ಹತ್ತಿರ ಕಾಮನಬಿಲ್ಲೂ ಇರಲಿಲ್ಲ, ಮಿಂಚುಹುಳವೂ ಇರಲಿಲ್ಲ.

ಅವತ್ತಿನಿಂದ ಅಕ್ಕ ಹೂ ಕಟ್ಟುವುದನ್ನು ಬಿಟ್ಟಳು. ಭಾವ ಮೊಗ್ಗನ್ನು ಹಾಗೇ ಬಿಡಿಯಾಗಿ ಮಾರತೊಡಗಿದ. ಅವಳು ತಲೆಗೂ ಹೂ ಮುಡಿಯಲಿಲ್ಲ. ನಮ್ಮ ಊರಲ್ಲಿ ಮುತ್ತೈದೆ ಬರೀ ತಲೆಯಲ್ಲಿ ಓಡಾಡಿದರೆ ನಾಲ್ಕು ಮಂದಿ ನಾಲ್ಕು ಮಾತಾಡುತ್ತಾರೆ. ಆಡಿದರು. ನಾನು ಹೇಳಿ ನೋಡಿದೆ. "ಮುಡ್ಕೊಂಡ್ರ ತಲಿಮ್ಯಾಲೆ ಹತ್ತಿ ಇಟ್ಟಂಗ ಅನಸ್ತೈತಿ, ಬ್ಯಾಡ ಬಿಡು" ಎಂದಳು. ನನ್ನ ಜೊತೆ ಮಾತು ಬಿಟ್ಟಿರಲಿಲ್ಲ, ಆದರೆ ಅಣಕಿಸುವುದನ್ನು ಬಿಟ್ಟಿದ್ದಳು. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಮುಂದಿನ ದಸರಾ ರಜೆಯಲ್ಲಿ ಭಾವ ಮನೆಗೆ ಬಂದ. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು ಕೂತ. "ನಿಮ್ಮಕ್ಕ ತೋಟ ಕಿತ್ತು ಹಾಕ್ರಿ ಅಂತಾಳ. ಮೆಕ್ಕಿಜೋಳ ಹಾಕ್ರಿ ಅಂತಾಳ. ದೀಪಾವಳಿ ಆಗಿಂದ ಜೆಸಿಬಿ ಕರಸ್ರಿ ಅಂದಾಳ. ನೀನಾ ಒಂದ್ ಮಾತು ಹೇಳು, ನಿನ್ನ ಮಾತು ಕೇಳ್ತಾಳ."

"ನನ್ನ ಮಾತು ಕೇಳೇ ಈ ಗತಿ ಆಗೈತಿ ಭಾವ," ಎಂದೆ.

ಆ ತೋಟದ ಮೊದಲ ಕಡ್ಡಿಗಳನ್ನು ನೆಟ್ಟದ್ದು ಅಕ್ಕ, ಮದುವೆಯಾದ ಹೊಸದರಲ್ಲಿ. ಒಂದು ಗಿಡ ಸತ್ತರೆ ಊಟ ಬಿಡುತ್ತಿದ್ದವಳು. ಅವಳಿಗೆ ತೋಟ ಬೇಡವಾಗಿದೆ ಎಂದರೆ ಬೇಡವಾಗಿರುವುದು ತೋಟವೊಂದೇ ಅಲ್ಲ ಎಂದು ಭಾವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಚಹಾ ಕುಡಿದು ಎದ್ದು ಹೋದ.

ಭಾವ ಹೋದ ಮೇಲೆ ನಾನು ಉತ್ತರಪತ್ರಿಕೆ ತಿದ್ದಲು ಕೂತೆ. ಹೂ ಬೆಳೆಯುವವರ ಮನೆಯ ಒಬ್ಬ ಹುಡುಗಿ, ಅರಳುವಿಕೆಯ ಬಗ್ಗೆ ಬರೆಯಿರಿ ಎಂಬ ಪ್ರಶ್ನೆಗೆ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ಮಲ್ಲಿಗೆ ಹೂವು ಕಿತ್ತ ನಂತರ ಅರಳುತ್ತದೆ. ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿದೆ. ಹಾಕಿದವಳು ಅಲ್ಲೇ ನಿಂತೆ. ಅವಳು ಕಂಡದ್ದನ್ನು ಬರೆದಿದ್ದಳು. ನಮ್ಮಲ್ಲಿ ಮಲ್ಲಿಗೆಯನ್ನು ಬೆಳಕು ಹರಿಯುವ ಹೊತ್ತಿಗೆ ಮೊಗ್ಗಾಗಿಯೇ ಕೀಳುತ್ತಾರೆ. ಅದು ಅರಳುವುದು ಸಂಜೆಗೆ, ಬುಟ್ಟಿಯಲ್ಲಿ, ದೇವರ ಮುಂದೆ, ಹೆಂಗಸರ ತಲೆಯಲ್ಲಿ. ಗಿಡದಲ್ಲಿ ಅರಳಿತು ಎಂದರೆ ಕೀಳುವವರು ಕಣ್ಣು ತಪ್ಪಿ ಬಿಟ್ಟಿದ್ದಾರೆ ಎಂದರ್ಥ, ಅದು ನಷ್ಟದ ಲೆಕ್ಕ. ಮಲ್ಲಿಗೆಯ ಊರಲ್ಲಿ ಹುಟ್ಟಿ ಮಲ್ಲಿಗೆ ಗಿಡದ ಮೇಲೆ ಅರಳುವುದನ್ನು ನಾನೂ ಒಂದು ದಿನ ನಿಂತು ನೋಡಿರಲಿಲ್ಲ. ಇಷ್ಟು ವರ್ಷ ಪಾಠ ಮಾಡಿದ್ದು ಪುಸ್ತಕ ನೋಡಿ. ನಾಚಿಕೆಯಾಯಿತು. ತಪ್ಪಿನ ಗುರುತನ್ನು ಹೊಡೆದು ಹಾಕಿ ಅರ್ಧ ಅಂಕ ಕೊಟ್ಟೆ.

ಮರುದಿನ ಅಕ್ಕನ ಮನೆಗೆ ಹೋದೆ. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

"ಅಕ್ಕ, ಗಿಡದಾಗ ಮಲ್ಲಿಗಿ ಅರಳೋದು ನೋಡೀಯೇನು ನೀನು?"

"ಉದುರಿದ್ದು ನೋಡೀನಿ. ಅರಳೋದು ಯಾರು ನೋಡ್ತಾರ? ಆ ಹೊತ್ತಿಗೆ ರೊಟ್ಟಿ ಬಡಿಬೇಕು."

"ನಾಳೆ ಒಂದು ಸಾಲು ಕೀಳದೆ ಬಿಡಾಕ ಹೇಳು ಭಾವಗ. ಸಂಜಿಗೆ ಹೋಗಿ ನೋಡೂಣು."

ಅವಳು ಬೂದಿ ಹತ್ತಿದ ಕೈಯನ್ನು ಹಾಗೇ ಹಿಡಿದು ನನ್ನನ್ನು ನೋಡಿದಳು. "ಪಾಠ ಶುರು ಆತು."

ನಾನು ಬಿಡಲಿಲ್ಲ. ಬೆಳ್ಳಗಿನ ಹೂ ಸಂಜೆ ಅರಳಿ ಘಮ ಬಿಡುವುದು ಪತಂಗಗಳನ್ನು ಕರೆಯಲು, ಅವು ಘಮದ ದಾರಿ ಹಿಡಿದು ಬರುತ್ತವೆ ಎಂದೆ. "ನಿನಗ ವಾಸನಿ ಬರದಿದ್ರೂ ಅವು ಬರೋದು ಕಣ್ಣಿಗೆ ಕಾಣ್ತೈತಿ. ವಾಸನಿ ಎಲ್ಲಿತನಕ ಹೋಗೈತಿ ಅಂತ ನೀನಾ ನೋಡ್ಬೋದು." ಹೇಳುತ್ತ ಹೇಳುತ್ತ ನನಗೇ ಹುಮ್ಮಸ್ಸು ಬಂದಿತ್ತು. ಎಷ್ಟೋ ವರ್ಷದ ಮೇಲೆ ಬಂದ ಹುಮ್ಮಸ್ಸು. ಅಕ್ಕ ಒಪ್ಪಿದ್ದು ಹುಮ್ಮಸ್ಸಿಗಲ್ಲ, ನನ್ನ ಕಾಟ ತಪ್ಪಲಿ ಎಂದು.

ಸಾಲು ಬಿಡುವುದೆಂದರೆ ಭಾವನಿಗೆ ಜೀವ ಹಿಂಡಿದ ಹಾಗೆ. ಆದರೂ ಅಂಚಿನ ಒಂದು ಸಾಲು ಬಿಟ್ಟ. ಮರುದಿನ ಇಳಿಹೊತ್ತಿಗೆ ಮೂವರೂ ತೋಟಕ್ಕೆ ಹೋದೆವು. ಅಕ್ಕ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು. ನಾನು ಬದುವಿನ ಮೇಲೆ ಕೂತೆ, ಮೊಣಕಾಲು ಮಡಿಸಲು ಆಗುವುದಿಲ್ಲ, ಕಾಲು ಚಾಚಿಕೊಂಡೆ. ಭಾವ ಹಿಂದೆ ನೀರಿನ ಪೈಪು ನೋಡುತ್ತ ನಿಂತ. ಸೂರ್ಯ ಮುಳುಗಿದ. ಮೊಗ್ಗುಗಳು ನೆಟ್ಟಗೆ, ಮುಚ್ಚಿಕೊಂಡೇ ಇದ್ದವು. ಹತ್ತು ನಿಮಿಷಕ್ಕೇ ನನಗೆ ಆಕಳಿಕೆ ಬಂತು.

ಮೊದಲು ನೋಡಿದ್ದು ಅಕ್ಕ. "ಅಲ್ನೋಡು" ಎಂದಳು. ಒಂದು ಮೊಗ್ಗಿನ ತುದಿ ಸಡಿಲಾಗಿತ್ತು. ಎಸಳುಗಳ ಅಂಚು ಒಂದರ ಮೇಲಿಂದ ಒಂದು ಜಾರುತ್ತಿತ್ತು. ಅದಕ್ಕೆ ಕಣ್ಣಿಗೆ ಕಾಣುವಷ್ಟು ವೇಗವಿತ್ತು ಎಂದರೆ ಸುಳ್ಳಾದೀತು. ಅದನ್ನೇ ನೋಡಿದರೆ ಏನೂ ಆಗುತ್ತಿಲ್ಲ ಅನ್ನಿಸುತ್ತಿತ್ತು, ಬೇರೆ ಗಿಡ ನೋಡಿ ತಿರುಗಿ ನೋಡಿದರೆ ಇನ್ನಷ್ಟು ಬಿಚ್ಚಿಕೊಂಡಿರುತ್ತಿತ್ತು. ಸ್ವಲ್ಪ ಹೊತ್ತಿಗೆ ಸಾಲಿನ ತುಂಬ ಬೆಳ್ಳಗೆ ಹೂಗಳಾದವು. ಘಮ ಬಂತು. ಬಂತು ಅನ್ನುವುದಕ್ಕಿಂತ ನಾವು ಅದರೊಳಗೆ ಕೂತಿದ್ದೆವು. ತಲೆಯಲ್ಲಿ ಮುಡಿದಾಗ ಬರುವುದಕ್ಕಿಂತ ಅದು ಬೇರೆಯೇ ಇತ್ತು. ನನ್ನ ಕಣ್ಣು ತುಂಬಿದವು. ಪಕ್ಕದಲ್ಲಿ ಅಕ್ಕ ಸುಮ್ಮನೆ ಕೂತಿದ್ದಳು, ಅವಳಿಗೆ ಅದರ ಸುಳಿವೂ ಇರಲಿಲ್ಲ. ಅವಳಿಗೆ ಕಾಣದಂತೆ ಕಣ್ಣು ಒರೆಸಿಕೊಂಡೆ.

ಪತಂಗ ಬರಲಿಲ್ಲ.

ಬೆಳಕು ಇನ್ನೂ ಇಳಿಯಲಿ ಎಂದು ಕಾದೆವು. ಸೊಳ್ಳೆ ಬಂದವು. ಒಂದೇ ಒಂದು ಪತಂಗ ಬರಲಿಲ್ಲ. ಅಕ್ಕ ಹೂವಿನಿಂದ ಹೂವಿಗೆ ಕಣ್ಣು ಹಾಯಿಸುತ್ತಲೇ ಇದ್ದಳು. ಒಪ್ಪಿದ್ದು ಕಾಟಕ್ಕಾದರೂ ಬಂದ ಮೇಲೆ ಅವಳು ನಿಜವಾಗಿಯೂ ಕಾಯುತ್ತಿದ್ದಳು. ಇನ್ನೊಂದು ಸಲ ಇವಳಿಗೆ ಮೋಸ ಮಾಡಿದೆ ಎಂದುಕೊಂಡೆ.

ಭಾವ ಹಿಂದಿನಿಂದ ಕೆಮ್ಮಿ ಹೇಳಿದ, "ಮೊನ್ನೆನ ಎಣ್ಣಿ ಹೊಡ್ಸೀನಿ, ಮೊಗ್ಗಿನ ಹುಳಕ್ಕ. ಭಾರಿ ಎಣ್ಣಿ. ಒಂದ್ ಹುಳಾನೂ ಉಳಿದಿಲ್ಲ."

ಎಣ್ಣೆ ಎಂದರೆ ಕೀಟನಾಶಕ. ಹೂ ಬೆಳೆಯುವವರು ಅದನ್ನು ಹೊಡೆಯದೆ ಇರುವುದಿಲ್ಲ, ಅದು ನನಗೆ ಗೊತ್ತಿಲ್ಲದ್ದೇನಲ್ಲ. ಮೊಗ್ಗು ಕೊರೆಯುವ ಹುಳ ಬೇರೆ, ಘಮಕ್ಕೆ ಬರುವ ಪತಂಗ ಬೇರೆ. ಎಣ್ಣೆಗೆ ಆ ಭೇದವಿಲ್ಲ. ಇದನ್ನು ನಾನೇ ಪ್ರತಿ ವರ್ಷ ಪಾಠದಲ್ಲಿ ಹೇಳುತ್ತೇನೆ. ಭಾವನನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಎದ್ದು ಹೋಗೋಣ ಎನ್ನಿಸಿತು, ಎದ್ದರೆ ಮಾತಾಡಬೇಕಾಗುತ್ತದೆ ಎಂದು ಕೂತೇ ಇದ್ದೆ.

"ಹಂಗಾರ ಇವು ಯಾರಿಗೆ ಅಂತ ಅರಳ್ಯಾವ?" ಅಕ್ಕ ಕೇಳಿದಳು.

"ಯಾರಿಗೂ ಇಲ್ಲಕ್ಕ. ಹೊತ್ತಾತು, ಅರಳಿದ್ವು."

ಬೈಯುತ್ತಾಳೆ ಎಂದುಕೊಂಡೆ. ಅವಳು ಒಂದು ರೆಂಬೆಯನ್ನು ನನ್ನ ಕಡೆ ಬಗ್ಗಿಸಿದಳು. "ಮೂಸಿ ಹೇಳು. ಹೆಂಗೈತಿ?"

ಮೂಸಿದೆ. ಆ ಘಮ ಎಸಳಿನ ಯಾವ ಪದರದಲ್ಲಿ ತಯಾರಾಗುತ್ತದೆ, ಗಾಳಿಯಲ್ಲಿ ಹೇಗೆ ಹರಡುತ್ತದೆ ಎಂದು ಹೇಳಬಲ್ಲೆ. ಹೇಗಿದೆ ಎಂದು ಹೇಳಲು ಹೋದರೆ ನಾಲಿಗೆಗೆ ಏನೂ ಸಿಗಲಿಲ್ಲ. ಸಿಹಿ ಅನ್ನಲೇ, ತಂಪು ಅನ್ನಲೇ, ಎಲ್ಲವೂ ಬೇರೆ ಯಾವುದಕ್ಕೋ ಹೇಳುವ ಮಾತು. "ಚಲೋ ಐತಿ," ಎಂದೆ.

"ಅಷ್ಟ?"

"ಅಷ್ಟ."

ಅಕ್ಕ ನಕ್ಕಳು. ವರ್ಷದ ಮೇಲಾಗಿತ್ತು ಅವಳು ಹಾಗೆ ನಕ್ಕು. "ಕೇಳಿದ್ರೇನ್ರಿ," ಎಂದಳು ಭಾವನಿಗೆ, "ಇಷ್ಟು ಓದಿದಾಕಿ, ಚಲೋ ಐತಿ ಅಂತಾಳ." ನಂತರ ನನ್ನ ಕಡೆ ತಿರುಗಿದಳು. "ಹೋಗ್ಲಿ, ನಿನಗ ಬರೋದನ್ನಾ ಹೇಳು. ಮುಚ್ಚಿದ್ದು ಬಿಚ್ಚತೈತಿ ಹೆಂಗ? ಯಾರು ಎಳೀತಾರ ಅದನ್ನ?"

ಹೇಳಿದೆ. ಎಸಳಿನ ಒಳಮೈಯಲ್ಲಿ ಸಣ್ಣ ಸಣ್ಣ ಕೋಣೆಗಳಿವೆ, ಕೂಡಿಟ್ಟ ಹಿಟ್ಟು ಸಕ್ಕರೆಯಾಗುತ್ತದೆ, ಸಕ್ಕರೆ ನೀರು ಎಳೆದುಕೊಳ್ಳುತ್ತದೆ, ಒಳಮೈ ಹೊರಮೈಗಿಂತ ಬೇಗ ಉಬ್ಬುತ್ತದೆ, ಉಬ್ಬಿದಾಗ ಎಸಳು ಹೊರಗೆ ಬಾಗುತ್ತದೆ. ಬೋರ್ಡಿಲ್ಲ, ಅಂಕವಿಲ್ಲ. ಕೈಯಲ್ಲೇ ಮೊಗ್ಗು ಮಾಡಿ, ಬೆರಳು ಬಿಚ್ಚಿ ತೋರಿಸಿದೆ. ಅಕ್ಕನೂ ತನ್ನ ಬೆರಳನ್ನು ಹಾಗೇ ಮುಚ್ಚಿ, ನಿಧಾನವಾಗಿ ಬಿಚ್ಚಿದಳು. ಘಮವನ್ನು ಅವಳಿಗೆ ದಾಟಿಸಲು ನನಗೆ ಆಗಲಿಲ್ಲ. ಇದು ದಾಟಿತು. ಅವಳ ಮುಖದಲ್ಲಿ ನನಗದು ಕಂಡಿತು. ನನ್ನ ದಣಿವೇನೂ ಹೋಗಲಿಲ್ಲ, ಆದರೆ ಇಷ್ಟು ವರ್ಷ ಮಾಡಿದ ಪಾಠ ಒಬ್ಬರಿಗೆ ಬೇಕಾಗಿತ್ತು ಎಂದು ಎದೆ ಹಗುರಾಯಿತು.

ಅವಳು ಇನ್ನೊಂದು ಪ್ರಶ್ನೆ ಕೇಳಿದಳು. "ಇಷ್ಟೆಲ್ಲಾ ವಾಸನಿ ಬಿಡ್ತೈತೆಲ್ಲ, ಗಿಡಕ್ಕ ತನ್ನ ವಾಸನಿ ತನಗ ಗೊತ್ತಾಗ್ತೈತೇನು?"

ಇದನ್ನು ಯಾವ ಮಕ್ಕಳೂ ನನ್ನನ್ನು ಕೇಳಿರಲಿಲ್ಲ. ಗಿಡಗಳು ಒಂದರ ವಾಸನೆಗೆ ಇನ್ನೊಂದು ಸ್ಪಂದಿಸುವುದುಂಟು ಎಂದು ಎಲ್ಲೋ ಓದಿದ ನೆನಪಿತ್ತು, ಆದರೆ ಅವಳು ಕೇಳಿದ್ದು ಅದನ್ನಲ್ಲ. ಹೊಸಪೇಟೆಯ ಕಲ್ಲುಬೆಂಚು ಕಣ್ಣ ಮುಂದೆ ಬಂತು. ಆದರೂ ಅವಳಿಗೆ ಸುಳ್ಳು ಹೇಳಲು ನನಗೆ ಆಗಲಿಲ್ಲ.

"ಪೂರ್ತಿ ಗೊತ್ತಿಲ್ಲಕ್ಕ ನನಗ. ಅದಕ್ಕ ಮೂಗಿಲ್ಲ. ನಮ್ಮಂಗ ಘಮ ಅಂತ ಅದಕ್ಕ ಗೊತ್ತಾಗಂಗಿಲ್ಲ."

ಅವಳು ಬಗ್ಗಿಸಿ ಹಿಡಿದಿದ್ದ ರೆಂಬೆಯನ್ನು ಹೂ ಉದುರದ ಹಾಗೆ ಮೆಲ್ಲಗೆ ಬಿಟ್ಟಳು.

"ಹಂಗಾರ ಅದೂ ನನ್ನಂಗಾ," ಎಂದಳು. ಬುಟ್ಟಿಯಿಂದ ಎದ್ದು, ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡು, ಭಾವನ ಕಡೆ ನೋಡದೆಯೇ ಹೇಳಿದಳು, "ಮೆಕ್ಕಿಜೋಳ ಬ್ಯಾಡ ಬಿಡ್ರಿ."